ಮನ್ಮಥಪ್ಪನ ಹೆಸರು ಬರೆದವರು

ಸಮಾಧಿಯ ಗುಣಿಗೆ ಇಳಿದು, ತೀರಿಕೊಂಡ ಅಣ್ಣ ಮನ್ಮಥಪ್ಪನನ್ನು ಕೂರಿಸುವ ಜಾಗದಲ್ಲಿ ವಿಭೂತಿ ಗಟ್ಟಿ ಜೋಡಿಸುತ್ತಿದ್ದ ವೀರಪ್ಪ, ಯಾರೋ ಓಡಿಬರುವ ಸದ್ದಿಗೆ ತಲೆಯೆತ್ತಿದ. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದವನು ಆತ್ಮಾರಾಮ. ಜಹೀರಾಬಾದಿನ ಕಾಲೇಜಿನಲ್ಲಿ ಮನ್ಮಥಪ್ಪನ ಶಿಷ್ಯ. ಈಗ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿದ್ದ.

"ಮಣ್ಣು ಹಾಕಿಲ್ಲಲ್ರಿ? ಸರ್‌ಗ ಒಂದು ಸುದ್ದಿ ಹೇಳೂದದ."

"ನಿಮ್ಮ ಸರ್ ನಿನ್ನೆ ಸಂಜಿಗೇ ಹೋಗ್ಯಾರಪ್ಪ," ಎಂದ ವೀರಪ್ಪ.

"ಗೊತ್ತದರಿ. ಬಸ್‌ಸ್ಟ್ಯಾಂಡಿನಾಗ ಗೊತ್ತಾತು. ಆದ್ರೂ ಹೇಳ್ಬೇಕು."

ಮಣ್ಣಿಗೆ ಬಂದಿದ್ದ ಮನೂರಿನ ಊರಮಂದಿ ಮುಖ ಮುಖ ನೋಡಿಕೊಂಡರು. ಗುಣಿಯ ದಂಡೆಯಲ್ಲಿ, ಹೊತ್ತು ತಂದ ಹೂವಿನ ವಿಮಾನದಲ್ಲಿ ಕುಳಿತಂತೆಯೇ ಇದ್ದ ಮನ್ಮಥಪ್ಪನ ಪಕ್ಕ ಅವನ ಹೆಂಡತಿ ಸುಮಿತ್ರಾಬಾಯಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು.

*

ಹದಿನೆಂಟು ವರ್ಷದ ಹಿಂದೆ ವೀರಪ್ಪ ಜಹೀರಾಬಾದಿನ ಅಣ್ಣನ ಮನೆಗೆ ಹೋಗಿದ್ದ. ಒಳಕೋಣೆಯಲ್ಲಿ ಬಲ್ಬು ಉರಿಯುವ ಪೆಟ್ಟಿಗೆ, ಅದರ ತುಂಬ ಕೋಳಿಮೊಟ್ಟೆ. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆ! ಅಣ್ಣ ನಾಚಲಿಲ್ಲ, ಬಚ್ಚಿಡಲೂ ಇಲ್ಲ. ಕೈ ಹಿಡಿದೆಳೆದು, ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಕೊರೆದ ಕಿಂಡಿಯೊಳಗೆ ಮಸೂರದಿಂದ ತೋರಿಸಿದ್ದ. ಒಳಗೆ ಕೆಂಪು ಚುಕ್ಕಿಯೊಂದು ಮಿಡಿಯುತ್ತಿತ್ತು.

"ಮರಿ ಬೆನ್ನಿಂದ ನರ ಹೊಂಡ್ತದ ತಮ್ಮಾ. ಅದಕ್ಕ ಕಣ್ಣಿಲ್ಲ. ಅಭ್ರಕದ ಚೂರು ಅಡ್ಡ ಇಟ್ಟು ನೋಡಿದೆ. ಬಳಸಿ ಹೋಗಿ ಕಾಲಿಗೇ ಮುಟ್ಟತದ! ದಾರಿ ಯಾರ್ ತೋರಸ್ತಾರ ಅದಕ್ಕ?"

ವೀರಪ್ಪ ಆ ಮನೆಯಲ್ಲಿ ನೀರೂ ಕುಡಿಯದೆ ಊರ ಕಡೆಗೆ ನಾರಾಯಣಖೇಡದ ಬಸ್ಸು ಹತ್ತಿದ್ದ. ಅಣ್ಣ ಅದನ್ನೆಲ್ಲ ಬರೆದು ಎಲ್ಲೋ ಅಚ್ಚು ಹಾಕಿಸಿದನೆಂದು ಆಮೇಲೆ ಕೇಳಿದ. ಅಣ್ಣ ಊರಿಗೆ ಬಂದಾಗಲೆಲ್ಲ ವೀರಪ್ಪ ಕೆಣಕುತ್ತಿದ್ದ: ಯಾರಾದರೂ ಓದಿದರಾ? ಇನ್ನೂ ಇಲ್ಲ ಎಂದು ಮನ್ಮಥಪ್ಪ ನಗುತ್ತಿದ್ದ. ಆ ನಗುವಿನಲ್ಲಿ ಪೆಟ್ಟು ಬಿದ್ದ ಲಕ್ಷಣವೇ ಇರುತ್ತಿರಲಿಲ್ಲ.

*

ಆತ್ಮಾರಾಮ ನೀರು ಕುಡಿದು ಹೇಳಿದ. ಯಾವ ವಿಜ್ಞಾನಿ ಯಾರ ಲೇಖನವನ್ನು ಆಧಾರವಾಗಿ ಹೆಸರಿಸಿದ್ದಾನೆಂದು ತೋರಿಸುವ ದಪ್ಪ ಸಂಪುಟಗಳು ಹೈದರಾಬಾದಿಗೆ ಬಂದಿದ್ದವು. ಅವುಗಳಲ್ಲಿ ಸುಮ್ಮನೆ ಸರ್ ಹೆಸರು ಹುಡುಕಿದ್ದ. ಮೊದಲ ಹತ್ತು ವರ್ಷ ಒಬ್ಬರೂ ಇಲ್ಲ. ಆಮೇಲೆ ಸ್ವೀಡನ್ನಿನಲ್ಲಿ ಒಬ್ಬ ಅದೇ ಅಭ್ರಕದ ಪ್ರಯೋಗ ಮಾಡಿ ನೋಡಿದ್ದ. ನರ ಬಳಸಿಕೊಂಡೇ ಹೋಗಿತ್ತು. ಅಲ್ಲಿಂದ ಜಪಾನು, ಜರ್ಮನಿ, ಅಮೆರಿಕ. ಐವತ್ತಕ್ಕೂ ಹೆಚ್ಚು ಮಂದಿ.

"ಬರದು ಏನಂದಾರ?" ಎಂದು ವೀರಪ್ಪ ಗುಣಿಯೊಳಗಿಂದಲೇ ಕೇಳಿದ. ಕೈಯಲ್ಲಿದ್ದ ವಿಭೂತಿ ಗಟ್ಟಿ ಬದಿಗಿಟ್ಟಿದ್ದ.

"ಇದನ್ನ ಮೊದಲು ಕಂಡವರು ಮನ್ಮಥಪ್ಪನವರು ಅಂದಾರ್ರಿ. ಅವರು ನಿಲ್ಲಿಸಿದಲ್ಲಿಂದ ನಾವು ಮುಂದ ಹೊಂಟೀವಿ ಅಂದಾರ."

ಬಿಸಿಲಲ್ಲಿ ಕೂತವರೆಲ್ಲ ಎದ್ದು ಹತ್ತಿರ ಬಂದರು. ಜಪಾನಿನವರು ನಮ್ಮ ಮನ್ಮಥಪ್ಪನ ಹೆಸರು ಹೇಗೆ ಬರೆದಾರು ಎಂದು ಒಬ್ಬರು, ಇದು ನಾರಾಯಣಖೇಡಕ್ಕೆ ಗೊತ್ತೇನು ಎಂದು ಇನ್ನೊಬ್ಬರು. ತಾವು ಸಾವಿಗೆ ಬಂದ ಮಂದಿ ಎಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ಸುಮಿತ್ರಾಬಾಯಿ ಗಂಡನ ಬಲಕ್ಕೆ ಜಾಗ ಬಿಟ್ಟು ಸರಿದಳು. "ಇನ್ನೊಮ್ಮೆ ಹೇಳ್ರಿ. ಈ ಕಡಿಂದ ಹೇಳ್ರಿ. ಎಡಗಿವಿ ಕೇಳ್ತಿರಲಿಲ್ಲ ಅವರಿಗೆ."

ಆತ್ಮಾರಾಮ ಬಾಗಿ, ಇನ್ನೊಮ್ಮೆ ಎಲ್ಲ ಹೇಳಿದ.

ದೇಹವನ್ನು ಇಳಿಸಿ ಕೂರಿಸಿದರು. ಕ್ರಿಯೆ ನಡೆಸಲು ಬಂದಿದ್ದ ಮಠದ ಸ್ವಾಮಿಗಳು ಮನ್ಮಥಪ್ಪನ ಎಡಗೈಯಲ್ಲಿ ಲಿಂಗ ಇಟ್ಟು ಬಿಲ್ವಪತ್ರಿಯ ಬುಟ್ಟಿ ತೆಗೆದುಕೊಂಡಾಗ ವೀರಪ್ಪ ಕೈ ಮುಗಿದ.

"ಅಪ್ಪಾರ, ತಪ್ಪು ತಿಳೀಬ್ಯಾಡ್ರಿ. ಬರದವರ ಹೆಸರು ಇವ ಹೇಳ್ಲಿ. ಒಂದೊಂದು ಹೆಸರಿಗೆ ಎಲ್ಲಾರೂ ಒಂದೊಂದು ಪತ್ರಿ ಏರಸೋಣು."

ಸ್ವಾಮಿಗಳು ಬುಟ್ಟಿಯನ್ನು ವೀರಪ್ಪನ ಕೈಗೆ ಕೊಟ್ಟರು.

ಬಸ್ಸಿನುದ್ದಕ್ಕೂ ಮೆಲುಕು ಹಾಕಿ ಆತ್ಮಾರಾಮನಿಗೆ ಹೆಸರೆಲ್ಲ ಬಾಯಿಪಾಠವಾಗಿದ್ದವು. ಲಿಂಡ್‌ಕ್ವಿಸ್ಟ್ ಎಂದ. ಮಂದಿ ತಮಗೆ ಬಂದಂತೆ ಕೂಗಿದರು, ಎಲ್ಲರ ಕೈಯಿಂದ ಪತ್ರಿ ಬಿತ್ತು. ಹಾಯಾಶಿ. ಬ್ರೆನ್ನರ್. ಮಕ್ಕಳು ಮುದುಕರು ಒಟ್ಟಿಗೆ ಕೂಗುತ್ತಿದ್ದರು, ದನಿ ಏರುತ್ತ ಹೋಯಿತು. ಬುಟ್ಟಿ ಬರಿದಾಯಿತು, ಹೆಸರು ಮುಗಿದಿರಲಿಲ್ಲ.

ವೀರಪ್ಪ ಗುಣಿಯಿಂದ ಹತ್ತಿ ಬಂದ. ಬದುವಿನಾಚೆ ತೊಗರಿ ಆಳೆತ್ತರ ನಿಂತಿತ್ತು. ಒಂದೆಲೆ ಕಿತ್ತು ಸ್ವಾಮಿಗಳಿಗೆ ತೋರಿಸಿದ. ಅದಕ್ಕೂ ಬಿಲ್ವದ ಹಾಗೆ ಮೂರೇ ದಳ. ಅವರು ತಲೆಯಾಡಿಸಿದ್ದೇ ತಡ, ಹೆಂಗಸರು ಗಂಡಸರು ಸಾಲಿನೊಳಗೆ ನುಗ್ಗಿದರು. ಆತ್ಮಾರಾಮ ಕೂಗುತ್ತಲೇ ಇದ್ದ. ಬದುವಿನಂಚಿನ ತೊಗರಿ ಗಿಡಗಳು ಒಂದೊಂದಾಗಿ ಬೋಳಾಗುತ್ತ ಹೋದವು.