ಬೆಲ್ಲದ ಚೈತ್ಯ

ಆಲೆಮನೆ ಕೆಂಪಯ್ಯನ ಮಗಳು ನಯನಳಿಗೆ ತಲೆ ಕೆಟ್ಟಿದೆ ಎಂದು ಕೊಪ್ಪದಲ್ಲಿ ಎಲ್ಲರೂ ತೀರ್ಮಾನಿಸಿಯಾಗಿತ್ತು. ಇಲ್ಲದಿದ್ದರೆ ಮೂಟೆ ಗಾತ್ರದ ಬೆಲ್ಲದ ಗಟ್ಟಿ ಎರೆಸಿಕೊಂಡು, ಅದರೊಳಗೆ ಗುಹೆ ಕೊರೆಯುತ್ತ ಯಾರಾದರೂ ಕೂರುತ್ತಾರೆಯೇ?

ಚಿತ್ರಕಲೆ ಓದುವಾಗ ಕಾಲೇಜಿನವರು ಅವಳನ್ನು ಕಾರ್ಲಾ ಗುಹೆಗಳಿಗೆ ಕರೆದೊಯ್ದಿದ್ದರು. ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಭಿಕ್ಷುಗಳಿಗಾಗಿ ಬೆಟ್ಟದ ಹೊಟ್ಟೆ ಬಗೆದು ಮಾಡಿದ ಚೈತ್ಯ ಅದು. ಎರಡು ಸಾಲು ಕಂಬ, ಸಾಲು ತೊಲೆಗಳ ಕಮಾನಿನ ಚಾವಣಿ, ಕೊನೆಯಲ್ಲಿ ಕವುಚಿಟ್ಟ ಬಟ್ಟಲಿನಂಥ ಸ್ತೂಪ. ಆ ಸಭಾಂಗಣದ ಒಳಗೆ ಪೂಜೆಗೆಂದು ಇಟ್ಟ ಮೂರ್ತಿಯೇ ಇಲ್ಲ. ಅಲ್ಲಿ ಕಲ್ಲಿನಿಂದ ಏನನ್ನೂ ಕಟ್ಟಿರಲಿಲ್ಲ, ಬೇಡದ ಕಲ್ಲನ್ನು ತೆಗೆಯುತ್ತ ಹೋಗಿದ್ದರು ಅಷ್ಟೇ. ಒಂದೇಟು ತಪ್ಪಿದರೆ ಮತ್ತೆ ಅಂಟಿಸುವ ಮಾತಿಲ್ಲ. ಆ ಧೈರ್ಯಕ್ಕೇ ನಯನ ಮರುಳಾಗಿದ್ದಳು. ಅದನ್ನೇ ಈಗ ಬೆಲ್ಲದಲ್ಲಿ ಕೊರೆಯುತ್ತಿದ್ದಳು.

"ಮದ್ದೂರಿನ ಕಬ್ಬಿನ ಮೇಳದಲ್ಲಿ ಬಹುಮಾನ ತಕ್ಕಂಡ್ ಬಾ, ನೀ ಕೊರ್ಯಾಕ್ ಕುಂತಿರೋ ಅಳೇ ಶೆಡ್ಡು ನಿಂಗೇ ಬುಟ್ಬುಡ್ತೀನಿ. ಇಲ್ದಿದ್ರೆ ಉಳಿ ಎತ್ತಿಡು, ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸ್ತೀನಿ" ಎಂದಿದ್ದ ಕೆಂಪಯ್ಯ.

ಮೇಳದ ಬೆಳಿಗ್ಗೆ ಚಿಕ್ಕಪ್ಪನ ಮಗ ಯತೀಶನೂ ಅವಳೂ ಸೇರಿ ಚೈತ್ಯವನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ನೋಡಿದವರೆಲ್ಲ ಬಾಯಿ ಬಿಟ್ಟರು. ಬಹುಮಾನ ಇದಕ್ಕೇ ಎಂದು ಸಮಿತಿಯ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಪಾರ್ಥಸಾರಥಿಯವರೇ ಹೇಳಿದರು. ನಯನ ಖುಷಿಯಿಂದ ಟೀ ಕುಡಿಯಲು ಹೋದಳು.

ಬಂದು ನೋಡಿದರೆ ಸ್ತೂಪದ ಮುಂದೆ ಹಿತ್ತಾಳೆ ಗಣಪ! ಕಂಬಗಳಿಗೆಲ್ಲ ಕುಂಕುಮ. ಪಾರ್ಥಸಾರಥಿಯವರು ಕಮಾನಿನ ಕೆಳಗೇ ಕರ್ಪೂರದ ತಟ್ಟೆ ಹಿಡಿದಿದ್ದರು. "ಖಾಲಿ ಗರ್ಭಗುಡಿ ಒಳ್ಳೆಯದಲ್ಲಮ್ಮ. ಅದಕ್ಕೇ ನಾನೇ ಒಂದು ಕಳೆ ತಂದೆ" ಎಂದು ನಕ್ಕರು.

ಉರಿ ತಾಗಿ ಚಾವಣಿಯ ತೊಲೆಗಳು ಜಿನುಗತೊಡಗಿದ್ದವು. ಬಾಯಲ್ಲಿ ಊದಿ ದೀಪ ಆರಿಸಬಾರದೆಂದು ಹಾಲುಹಲ್ಲಿನ ಮಗುವಿಗೂ ಗೊತ್ತು. ನಯನ ಬಗ್ಗಿ ಉಫ್ ಎಂದು ಊದಿಬಿಟ್ಟಳು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಗಣಪ ಅಲ್ಲೇ ಇರಬೇಕು, ಇವಳು ತಪ್ಪಾಯ್ತು ಅನ್ನಬೇಕು. ಇಲ್ಲದಿದ್ದರೆ ಬಹುಮಾನವೂ ಇಲ್ಲ, ಮೇಳದಲ್ಲಿ ಜಾಗವೂ ಇಲ್ಲ" ಎಂದರು.

ಕೆಂಪಯ್ಯ ಜನರನ್ನು ತಳ್ಳಿಕೊಂಡು ಬಂದ. "ಅಡ್ಬೀಳು, ಮುಗೀತದೆ. ಶೆಡ್ಡಿನ ಬೀಗದ ಕೈ ಈಗ್ಲೇ ಕೊಡ್ತೀನಿ ಕಣವ್ವ."

ಒಂದು ಮಾತು ಆಡಿದರೆ ಸಾಕು, ಶೆಡ್ಡು ಜೀವನಪೂರ್ತಿ ಅವಳದು. ಆದರೆ ಕರಗಿ ಜೋತುಬಿದ್ದ ತೊಲೆ ನೋಡಿ ಮೈಯೆಲ್ಲ ಉರಿದುಹೋಯಿತು. ಗಣಪನನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಮೇಷ್ಟ್ರ ಕೈಗಿಟ್ಟಳು.

"ತಪ್ಪಾಗಿದ್ರೆ ಇವನ್ತಾವ ಕೇಳ್ಕತೀನಿ ಸಾರ್. ನಿಮ್ತಾವ ಕೇಳಾಕಿಲ್ಲ. ಇದ ಕೊರ್ದಿರೋಳು ನಾನು, ಒಳ್ಗೆ ಯಾರಿರ್ಬೇಕು ಅನ್ನೋದೂ ನಂದೇ. ಯತೀಸ, ಇಡಿಯೋ ಆ ಕಡೆ!"

ಇಬ್ಬರೂ ಚೈತ್ಯವನ್ನು ಹೊತ್ತು ಗೇಟಿನ ಹೊರಗೆ ರಸ್ತೆ ಬದಿಯ ಕಲ್ಲುಬೆಂಚಿನ ಮೇಲಿಟ್ಟರು. ಜನ ಮೇಳ ಬಿಟ್ಟು ಅಲ್ಲೇ ಮುತ್ತಿಕೊಂಡರು. ಹಿಂದಿನಿಂದ ಕೆಂಪಯ್ಯ ಏದುಸಿರು ಬಿಡುತ್ತ ಓಡಿ ಬಂದ.

"ಲೇ, ಬಿಸ್ಲಲ್ ಮಡಗ್ಬ್ಯಾಡ ಕಣಮ್ಮಿ, ಕರಗೋಯ್ತದೆ!"

"ಶೆಡ್ಡಿನ ನೆಳ್ಳು ಕೊಡಾಕಿಲ್ಲ ಅಂದೋನು ನೀನೇ ಕಣಪ್ಪ."