ಮೊದಲ ಕೊಡದ ನೀರು

ನಮ್ಮ ಓಣಿಯಲ್ಲಿ ನಳ ಇಲ್ಲದ ಮನೆ ಇರಲಿಲ್ಲ. ನಳದ ತಗ್ಗು ಇಲ್ಲದ ಮನೆಯೂ ಇರಲಿಲ್ಲ.

ವಿಜಾಪುರದಲ್ಲಿ ಗೋಳಗುಮ್ಮಟದ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಈ ಓಣಿ ಇದೆ. ನೆಲ ಏರಿನಲ್ಲಿರುವುದರಿಂದ ನೀರಿಗೆ ಜೋರಿಲ್ಲ. ಬೆಳಿಗ್ಗೆ ಒಂದು ತಾಸು ಕಿರುಬೆರಳಿನ ದಪ್ಪ ನೀರು ಬರುತ್ತಿತ್ತು. ನಳ ಎಷ್ಟು ಕೆಳಗಿದ್ದರೆ ನೀರು ಅಷ್ಟು ಹೆಚ್ಚು ಎಂಬುದನ್ನು ಯಾರೋ ಕಂಡುಕೊಂಡರು. ಪೈಪು ಕೊಯ್ಯಿಸಿ, ಅಂಗಳದಲ್ಲಿ ಎರಡು ಮೊಳ ತಗ್ಗು ತೋಡಿ, ನಳವನ್ನು ಅದರೊಳಗೆ ಇಳಿಸಿದರು. ಅವರು ಇಳಿಸಿದ ಮೇಲೆ ಮಗ್ಗುಲ ಮನೆಗೆ ನೀರು ಕಡಿಮೆಯಾಯಿತು. ಆ ಮನೆಯವರು ಇನ್ನೊಂದು ಗೇಣು ಆಳ ತೋಡಿದರು. ಹೀಗೆ ವರ್ಷ ಎರಡರಲ್ಲಿ ಓಣಿಯ ನಳಗಳೆಲ್ಲ ನೆಲದೊಳಗೆ ಸೇರಿದವು. ಕೊಡ ತುಂಬುವಾಗ ಚೆಲ್ಲಿದ ನೀರು, ಕಾಲು ತೊಳೆದ ನೀರು, ಪಾತ್ರೆ ತಿಕ್ಕಿದ ನೀರು ಎಲ್ಲವೂ ಹರಿದು ಆ ತಗ್ಗಿನಲ್ಲಿಯೇ ನಿಲ್ಲುತ್ತಿತ್ತು. ನಳದ ತಿರುಪನ್ನು ಯಾರೂ ಮುಚ್ಚುತ್ತಿರಲಿಲ್ಲ. ಕೆಳಗೊಂದು ತಗಡಿನ ಡಬ್ಬಿ ಇಟ್ಟು ಮಲಗಿದರೆ, ಬೆಳಿಗ್ಗೆ ನೀರು ಬಿದ್ದ ಸಪ್ಪಳಕ್ಕೆ ಎಚ್ಚರವಾಗುತ್ತಿತ್ತು.

ನಾನು ಬಬಲೇಶ್ವರದ ಸಾಲೆಯಲ್ಲಿ ಮಾಸ್ತರನಾಗಿದ್ದು, ಪಿಂಚಣಿ ಬಂದ ಮೇಲೆ ಹೆಂಡತಿ ರುಕ್ಮವ್ವನೊಂದಿಗೆ ಈ ಓಣಿಗೆ ಬಂದೆ. ಮೂವತ್ತು ವರ್ಷ ಬಾವಿಯ ಹಗ್ಗ ಎಳೆದ ಅವಳು ಅಂಗಳದಲ್ಲಿ ನಳ ಕಂಡು, ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿದಳು. ದಿನಾಲು ಸ್ನಾನ ಮಾಡಿ ಒದ್ದೆ ಸೀರೆಯಲ್ಲಿಯೇ ತಗ್ಗಿಗೆ ಇಳಿದು, ನಳ ಬಂದ ಕೂಡಲೆ ಮೊದಲ ಕೊಡ ತುಂಬುವಳು. ಯಾರೂ ಮುಟ್ಟದ ಮೊದಲ ನೀರು ದೇವರದು. ಅದರಿಂದ ನಾನು ವಿಠ್ಠಲನ ಪೂಜೆ ಮಾಡಿ, ತುಳಸಿ ಹಾಕಿದ ತೀರ್ಥವನ್ನು ಅವಳ ಕೈಗೆ ಕೊಡುವೆ. ಎರಡನೆಯ ಕೊಡ ಅಡುಗೆಗೆ. ಓಣಿಯಲ್ಲಿ ಎಲ್ಲರ ಮನೆಯ ರೀತಿಯೂ ಇದೇ ಆಗಿತ್ತು.

ಅರವತ್ತೆರಡನೆಯ ಇಸವಿಯ ಮಳೆಗಾಲದಲ್ಲಿ ರುಕ್ಮವ್ವನಿಗೆ ಹೊಟ್ಟೆ ಕೆಟ್ಟು, ಆಮೇಲೆ ಜ್ವರ ಬಂದಿತು. ಡಾಕ್ಟರು ವಿಷಮಜ್ವರ ಎಂದರು. ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದರು. ನಾನು ಹೆಮ್ಮೆಯಿಂದ, ನಳದ ನೀರು, ಅದರಲ್ಲಿಯೂ ದೇವರ ಮೊದಲ ಕೊಡದ್ದು ಎಂದೆ. ಜ್ವರ ಏರಿದಾಗಲೆಲ್ಲ ಇನ್ನೊಂದು ಉದ್ಧರಣೆ ತೀರ್ಥವನ್ನು ಅವಳ ಬಾಯಿಗೆ ಹಾಕಿದೆ. ಇಪ್ಪತ್ತೊಂದನೆಯ ದಿನ ಅವಳು ಹೋದಳು.

ದಿನಕರ್ಮ ಮುಗಿದ ಮೇಲೆ ನಳದ ತಿರುಪಿನ ಬುಡ ಸೋರುತ್ತಿದೆಯೆಂದು ನಳದ ಮಿಸ್ತ್ರಿ ದಾದಾಸಾಬನನ್ನು ಕರೆಸಿದೆ. ಅವನು ತಗ್ಗಿಗೆ ಇಳಿದವನು ತಿರುಪು ಬಿಚ್ಚುವ ಪಾನಾ ಹಚ್ಚದೆ ಕೆಳಗೆ ಬಗ್ಗಿ ನೋಡಿದ. ನಳದ ಬಾಯಿ ನಿಂತ ನೀರಿನಲ್ಲಿ ಮುಳುಗಿತ್ತು.

“ಮಾಸ್ತರ, ನೀರ ನಿಂತಾಗ ಇದು ಸುಸ್ ಅಂತ ಸಪ್ಪಳಾ ಮಾಡತೈತೇನ್ರಿ?”

ದಿನಾಲು ಮಾಡುತ್ತದೆ ಎಂದೆ.

“ಅದು ಗಾಳಿ ಹೊರಗ ಬಿಡೂ ಸಪ್ಪಳಲ್ರಿ. ಒಳಗ ಎಳಕೊಳ್ಳೂ ಸಪ್ಪಳ.”

ನೀರು ಬಿಡುವುದು ನಿಂತ ಮೇಲೆ ದೊಡ್ಡ ಪೈಪಿನಲ್ಲಿದ್ದ ನೀರು ಇಳಿಜಾರಿಗೆ ಹರಿದುಹೋಗುತ್ತದೆ. ಖಾಲಿಯಾದ ಪೈಪು ಬಾಯಿಗೆ ಸಿಕ್ಕಿದ್ದನ್ನು ಹೀರುತ್ತದೆ. ಮರುದಿನ ಮೊದಲು ಹೊರಗೆ ಬರುವುದು ಅದೇ, ಎಂದು ಅವನು ತಿಳಿಸಿ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದೇ ವಾರ ಅವನ ಕೈಯಿಂದ ತಗ್ಗು ಮುಚ್ಚಿಸಿ, ನಳವನ್ನು ಸೊಂಟದೆತ್ತರಕ್ಕೆ ಏರಿಸಿದೆ.

ಮಗ್ಗುಲ ಮನೆ ಬಸಗೊಂಡಪ್ಪನದು. ತಿಕೋಟದಿಂದ ಬಂದು ಖಾನಾವಳಿ ಹಾಕಿದವನು. ಮುಂದೆ ಖಾನಾವಳಿ, ಹಿಂದೆ ಸಂಸಾರ, ನಡುವಿನ ಅಂಗಳದಲ್ಲಿ ನಳ. ಅವನ ತಗ್ಗು ಓಣಿಗೆಲ್ಲ ಆಳವಾದುದು. ಮೂರು ಮೆಟ್ಟಿಲು ಇಳಿಯಬೇಕು. ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯುವವನಲ್ಲ. ರುಕ್ಮವ್ವ ಮಲಗಿದ್ದಷ್ಟು ದಿನ ಅವನ ಮನೆಯಿಂದ ಗಂಜಿ ಬಂದಿತು. ಅವನ ಹೆಂಡತಿ ಗುರುಬಸವ್ವ ಹೇಸದೆ ಅವಳ ಹಾಸಿಗೆಯ ಅರಿವೆಗಳನ್ನು ಒಯ್ದು ತೊಳೆದಳು. ಇಂಥವರಿಗೆ ಹೇಳದೆ ಇರಬಾರದೆಂದು ದಾದಾಸಾಬನ ಮಾತನ್ನು ಹೇಳಿದೆ. ಬಸಗೊಂಡಪ್ಪ ನಕ್ಕ.

“ನಳಾ ನೀರ ಕೊಡತೈತೋ, ಕುಡೀತೈತೋ? ನಾಕ ವರ್ಷ ಆತು, ನನ್ನ ತಾಟಿನ ಮುಂದ ಕುಂತಾವ ಒಬ್ಬನೂ ಬ್ಯಾನಿ ಬಿದ್ದಿಲ್ಲ. ದಾದಾಸಾಬಗ ಕೆಲಸಾ ಬೇಕು, ಹೇಳ್ಯಾನ ಬಿಡ್ರಿ.”

ಖಾನಾವಳಿಯ ಪೈಪು ಗಟಾರದೊಳಗಿಂದ ಹಾದು ಬರುತ್ತಿತ್ತು. ಎರಡು ಪೈಪು ಕೂಡುವ ಜೋಡು ತುಕ್ಕು ಹಿಡಿದು ಸೋರಿದಾಗ ಅವನೇ ಅರಿವೆ ಸುತ್ತಿ ಬಿಗಿದಿದ್ದ. ಅದನ್ನೂ ತೋರಿಸಿ, ಸೋರುವುದು ನಿಂತಿದೆಯಲ್ಲ ಎಂದ. ನಾನು ಮತ್ತೆ ಹೇಳಲಿಲ್ಲ. ಅದು ನನ್ನ ತಪ್ಪು.

ತಿಂಗಳು ಕಳೆಯಲಿಲ್ಲ. ಅವರ ಆರು ವರ್ಷದ ಮಗಳು ಬೋರವ್ವನ ದನಿ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳಿತು. ನೀರು ಬೇಡುತ್ತಿದ್ದಳು. ಮೂರು ದಿನದಿಂದ ಹೊಟ್ಟೆ ಕೆಟ್ಟು ಜ್ವರ ಬಂದಿತ್ತಂತೆ. ನನಗೆ ತಿಳಿದಿರಲಿಲ್ಲ. ಆಮೇಲೆ ಗುರುಬಸವ್ವನ ದನಿ ಕೇಳಿತು: “ತೀರ್ಥ ತಗೋ ಕೂಸ, ಆರಾಮ ಆಕ್ಕೈತಿ.”

ಇದ್ದಂತೆಯೇ ಎದ್ದು ಮಗ್ಗುಲ ಮನೆಗೆ ಓಡಿದೆ. ಕೂಸಿನ ತುಟಿ ಬಿರಿದಿದ್ದವು, ಕಣ್ಣು ಒಳಗೆ ಹೋಗಿದ್ದವು. ಒಂದು ತಿಂಗಳ ಹಿಂದೆ ನಾನು ನೋಡುತ್ತಿದ್ದ ಕಣ್ಣುಗಳೂ ಹೀಗೆಯೇ ಇದ್ದವು. ನಾನು ಗುರುಬಸವ್ವನ ಕೈಯಲ್ಲಿದ್ದ ಬಟ್ಟಲನ್ನು ಹಿಡಿದೆ.

“ಮಾಸ್ತರ, ಕೈ ತಗೀರಿ,” ಎಂದ ಬಸಗೊಂಡಪ್ಪ. “ಅದು ಲಿಂಗಕ್ಕ ಎರದ ನೀರ.”

“ಗೊತ್ತೈತಿ. ನಾ ಕೊಟ್ಟದ್ದೂ ವಿಠ್ಠಲಗ ಎರದದ್ದ ಇತ್ತಪಾ.”

“ನಿಮ್ಮ ಮನ್ಯಾಗ ಆದದ್ದು ಎಲ್ಲಾರ ಮನ್ಯಾಗೂ ಆಗ್ಲಿ ಅಂತೀರೇನು?”

ನಾನು ಬಟ್ಟಲಿನಿಂದ ಕೈ ತೆಗೆಯಲಿಲ್ಲ. ಗುರುಬಸವ್ವ ಬಟ್ಟಲನ್ನು ಕೆಳಗಿಟ್ಟಳು.

“ಮಾಸ್ತರ ಅಂಥಾ ಮನಷ್ಯಾ ಅಲ್ರಿ. ರುಕ್ಮವ್ವಕ್ಕಗೂ ಮೊದಲ ಹಿಂಗ ಆಗಿತ್ತು, ನಾ ಕಣ್ಣಾರೆ ಕಂಡೇನಿ. ಟಾಂಗಾ ಕರೀರಿ, ಡಾಕ್ಟರ ಕಡೆ ಹೋಗೂಣು. ಆ ದಾದಾಸಾಬಗೂ ಬರಾಕ ಹೇಳ್ರಿ. ಅವರ ಮಾತ ಸುಳ್ಳಾದ್ರ ನಗೂಣಂತ. ಖರೇ ಆದ್ರ ಏನ ಮಾಡ್ತೀರಿ?”

ಡಾಕ್ಟರು ಔಷಧ ಕೊಟ್ಟು, ಕುದಿಸಿ ಆರಿಸಿದ ನೀರಿನ ಹೊರತು ಬೇರೆ ಹನಿ ನೀರೂ ಬಾಯಿಗೆ ಹೋಗಬಾರದು ಎಂದರು. ಕೂಸು ಉಳಿಯುವುದೋ ಇಲ್ಲವೋ ಎರಡು ದಿನ ನೋಡಿ ಹೇಳುತ್ತೇನೆ ಎಂದರು.

ಮರುದಿನ ನೀರು ನಿಲ್ಲುವ ಹೊತ್ತಿಗೆ ದಾದಾಸಾಬ ಬಂದ. ತಗ್ಗಿನ ನೀರನ್ನು ಡಬ್ಬಿಯಿಂದ ಎತ್ತಿ ಚೆಲ್ಲಿ, ನಳದ ಬಾಯಿ ಒರೆಸಿದ. ಒಂದು ತಾಮ್ರದ ಚರಿಗೆಯಲ್ಲಿ ಒಳ್ಳೆಯ ನೀರು ಹಾಕಿ, ಅರಿಷಿಣ ಕದಡಿ ಕೊಡಲು ಗುರುಬಸವ್ವನಿಗೆ ಹೇಳಿದ. ನೀರಿನ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ಅವನು ಚರಿಗೆಯನ್ನು ಎತ್ತಿ ನಳದ ಬಾಯಿ ಮುಳುಗುವಂತೆ ಹಿಡಿದ. ಸ್ವಲ್ಪ ಹೊತ್ತಿಗೆ ಸುಸ್ ಎಂದಿತು. ಚರಿಗೆಯ ಹಳದಿ ನೀರು ಕೆಳಗಿಳಿಯತೊಡಗಿತು. ಬಾಯಾರಿದ ಕರು ಕುಡಿದ ಹಾಗೆ ಇಳಿದು, ತಳ ಕಂಡಿತು. ದಾದಾಸಾಬ ನಳದ ತಿರುಪು ಮುಚ್ಚಿ, ಬರಿದಾದ ಚರಿಗೆಯನ್ನು ಬಸಗೊಂಡಪ್ಪನ ಕೈಗೆ ಕೊಟ್ಟ.

“ಇವತ್ತ ಅರಿಷಿಣ ಕುಡದೈತ್ರಿ ಸಾವಕಾರ್ರ. ದಿನಾ ಏನ ಕುಡೀತಿತ್ತು, ನೀವ ನೋಡಿಕೋರಿ.”

ಎಲ್ಲರೂ ತಗ್ಗಿನ ತಳದ ಕೆಸರು ನೋಡಿದೆವು. ಅನ್ನದ ಅಗುಳು, ಬೂದಿ, ಬಳೆಯ ಚೂರು. ಗುರುಬಸವ್ವ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಅಕ್ಕನ ಹಾಸಿಗಿ ಅರಿವಿ ನಾ ಇಲ್ಲೇ ಒಗದೇನಿ,” ಎಂದಳು. “ಕೂಸಿನ ಅರಿವೀನೂ ಇಲ್ಲೇ.”

ಗಟಾರದ ಜೋಡಿನ ಅರಿವೆಯನ್ನು ದಾದಾಸಾಬ ಬಿಚ್ಚಿದ. ಕಪ್ಪಾಗಿ ಕೊಳೆತಿತ್ತು. ಹೊರಗೆ ಸೋರುವುದು ನಿಂತಿದೆ, ಒಳಗೆ ಸೋರುವುದು ನಿಂತಿಲ್ಲ ಎಂದಷ್ಟೇ ಹೇಳಿದ. ಬಸಗೊಂಡಪ್ಪನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಚರಿಗೆಯ ನೀರು ಪೈಪಿನಲ್ಲಿ ಎಲ್ಲಿಗೋ ಹೋಗಿರಬಹುದು, ತಿರುಗಿ ಕೊಡಕ್ಕೆ ಬರುತ್ತದೆಂದು ಏನು ಗ್ಯಾರಂಟಿ ಎಂದ. ಬೆಳಗಾಗಲಿ ಎಂದೆವು.

ಬೆಳಿಗ್ಗೆ ನನ್ನ ಮನೆಯಲ್ಲಿ ನಳ ಬಂದಿತು. ಏರಿಸಿದ ನಳ, ತಿರುಪಿನೊಳಗೆ ಹೊಸ ತೊಗಲಿನ ವಾಸರು, ಮುಚ್ಚಿದ ತಗ್ಗು. ನನ್ನ ಮನೆಗೆ ಇನ್ನು ಅಂಜಿಕೆ ಇಲ್ಲವೆಂದು ನಾನು ನಂಬಿದ್ದೆ. ರುಕ್ಮವ್ವನ ಕೊಡವನ್ನು ಹಿಡಿದೆ. ತುಂಬಿದ ಮೇಲೆ ಬೆಳಕಿಗೆ ತಂದು ಬಗ್ಗಿ ನೋಡಿದೆ. ನೀರು ತೆಳುವಾಗಿ ಹಳದಿಯಾಗಿತ್ತು.

ಆಗ ಹತ್ತಿದ ಭಯ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಕೊಡವನ್ನೇ ಹೊತ್ತು ಮಗ್ಗುಲ ಮನೆಗೆ ಹೋದೆ. ಬಸಗೊಂಡಪ್ಪ ಮೂರನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಮುಂದೆ ಅವನ ಕೊಡ. ಅದರ ನೀರು ನನ್ನದಕ್ಕಿಂತ ದಟ್ಟ ಹಳದಿ. ನನ್ನ ಕೊಡವನ್ನು ಅದರ ಮಗ್ಗುಲಿಗೆ ಇಟ್ಟೆ. ಅವನು ಒಂದನ್ನು ನೋಡಿ ಇನ್ನೊಂದನ್ನು ನೋಡಿದ.

“ಇದನ್ನ ಲಿಂಗಕ್ಕ ಎರದೇನಿ, ಮಾಸ್ತರ. ಕೂಸಿನ ಬಾಯಿಗೆ ಹಾಕೇನಿ. ನಾಕ ಮಂದಿ ನಂಬಿ ಉಣ್ಣಾಕ ಬಂದ್ರ ಅವರಿಗೂ ಕೊಟ್ಟೇನಿ.” ನನ್ನ ಕೊಡವನ್ನು ಮುಟ್ಟಿ, “ನಿಮ್ಮ ಮನಿಗೂ ಕಳಿಸೇನಿ,” ಎಂದ.

ಅಂದು ಖಾನಾವಳಿ ತೆರೆಯಲಿಲ್ಲ. ಮೂರು ದಿನ ಬಾಗಿಲು ಮುಚ್ಚಿ, ತಗ್ಗಿಗೆ ಕಲ್ಲು, ಗರಸು ತುಂಬಿಸಿದ. ನಳ ಮೇಲೇರಿತು. ಪೈಪು ಗಟಾರ ಬಿಟ್ಟು ಗೋಡೆಯ ಮೇಲೆ ಬಂದಿತು. ಜೋಡುಗಳಿಗೆ ಸಣಬು ಸುತ್ತಿ ಸಫೇದಾದ ಬಿಳಿ ಲೇಪ ಹಚ್ಚಿ ಬಿಗಿಸಿದರು. ಪಾತ್ರೆ ತೊಳೆಯುವ ಜಾಗ ಅಂಗಳದ ಆಚೆಯ ಮೂಲೆಗೆ ಹೋಯಿತು. ನೀರು ಸಂಗ್ರಹಿಸುವ ತೊಟ್ಟಿಯನ್ನು ಬರಿದು ಮಾಡಿ ನೋಡಿದರೆ ತಳದಲ್ಲಿ ಬೆರಳುದ್ದ ರಾಡಿ ಇತ್ತು. ಅದನ್ನು ಬಸಗೊಂಡಪ್ಪ ತಾನೇ ಒಳಗಿಳಿದು ತಿಕ್ಕಿ ತೊಳೆದ. ಈಗ ನೀರು ಮೊದಲಿನಷ್ಟು ಬರುವುದಿಲ್ಲ ನಿಜ. ತಾಟು ತೊಳೆಯಲು ಬಾವಿಯಿಂದ ತರಿಸುತ್ತಾನೆ. ಗೊಣಗುತ್ತಾನೆ, ಆದರೂ ತರಿಸುತ್ತಾನೆ.

ಬೋರವ್ವನ ಜ್ವರ ಇಳಿಯಲು ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನವೂ ನಾನು ಗೋಡೆಗೆ ಕಿವಿಗೊಟ್ಟು ಕುಳಿತಿದ್ದೆ. ಹತ್ತೊಂಬತ್ತನೆಯ ದಿನ, ಗಂಜಿ ಸಾಕು, ರೊಟ್ಟಿ ಬೇಕು ಎಂದು ಕೂಸು ಅವ್ವನ ಮೇಲೆ ಸಿಟ್ಟು ಮಾಡಿದ್ದು ಕೇಳಿತು. ವಿಠ್ಠಲನ ಮುಂದೆ ದೀಪ ಹಚ್ಚಿದೆ.

ಆಮೇಲೆ ನಾನೂ ಬಸಗೊಂಡಪ್ಪನೂ ಓಣಿಯ ಮನೆ ಮನೆಗೆ ಹೋದೆವು. ಮೊದಲು ನಕ್ಕವನೇ ಈಗ ಚರಿಗೆ ಹಿಡಿದು ತೋರಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ಓಣಿಯಲ್ಲಿ ಒಂದು ತಗ್ಗೂ ಉಳಿಯಲಿಲ್ಲ. ಯಾರ ತಗ್ಗಿನ ನೀರು ಯಾರ ಬಾಯಿಗೆ ಹೋಯಿತು ಎಂಬುದು ದೇವರಿಗೆ ಗೊತ್ತು. ನಾವಿಬ್ಬರೂ ಅದನ್ನು ಒಬ್ಬರನ್ನೊಬ್ಬರು ಕೇಳಿಲ್ಲ.

ಓದುವ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಚಹಾದ ಹೋಟೆಲಿನಲ್ಲಿ ನಳದ ತಗ್ಗಿದ್ದರೆ ಈ ವಾರವೇ ಮುಚ್ಚಿರಿ. ನೀರು ನಿಂತ ಕೂಡಲೆ ತಿರುಪು ಮುಚ್ಚಿರಿ. ಗಟಾರದಲ್ಲಿ ಹಾಯ್ದ ಪೈಪನ್ನು ಮೇಲಕ್ಕೆ ತೆಗೆಸಿರಿ. ಸೋರುವ ಜೋಡಿಗೆ ಅರಿವೆ ಸುತ್ತದೆ ಮಿಸ್ತ್ರಿಯನ್ನು ಕರೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಾಸರು, ಜೋಡು, ತೊಟ್ಟಿ ನೋಡಿಸಿರಿ. ನಿಮ್ಮದು ಸರಿಯಾದರೆ ಸಾಲದು, ಮಗ್ಗುಲ ಮನೆಯವರಿಗೂ ಹೇಳಿರಿ. ನಕ್ಕರೆ ಮತ್ತೆ ಹೇಳಿರಿ. ಬೆಳಗಿನ ಮೊದಲ ನೀರನ್ನು ಚೆಲ್ಲಿಬಿಡಿರಿ. ಎರಡನೆಯ ಕೊಡ ದೇವರಿಗಿರಲಿ, ಅವನು ಸಿಟ್ಟಾಗುವುದಿಲ್ಲ. ಕುಡಿಯುವುದನ್ನು ಕುದಿಸಿರಿ.

ನಾಳೆ ನೀರು ನಿಂತಾಗ ನಿಮ್ಮ ನಳದ ಹತ್ತಿರ ಸ್ವಲ್ಪ ಹೊತ್ತು ನಿಂತು ಕೇಳಿರಿ. ಸುಸ್ ಎಂಬ ಸಪ್ಪಳ ಬಂದರೆ ಅಂದೇ ಎಚ್ಚರವಾಗಿರಿ. ನಾನು ಆ ಸಪ್ಪಳವನ್ನು ಮೂರು ವರ್ಷ ದಿನಾಲು ಕೇಳಿದೆ. ರುಕ್ಮವ್ವಾ, ನಳ ಹೋಯಿತು ನೋಡು, ಎಂದಷ್ಟೇ ಒಳಗೆ ಕೂಗಿ ಹೇಳುತ್ತಿದ್ದೆ.