ಕರಿಪಟ್ಟಿ ಹೇಳಿದ ಅಂಕಿ

ಆ ಮನೆಯ ನಲ್ಲಿಯ ನೀರು ಕಣ್ಣಿಗೆ ತಿಳಿ, ಬಾಯಿಗೆ ರುಚಿ. ಆದರೆ ಅದೇ ನೀರಿನ ದೆಸೆಯಿಂದ ಅಜ್ಜಿಯೊಬ್ಬಳು ತನ್ನ ಎಂಟು ತಿಂಗಳ ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಹಳೆಯ ಪೈಪುಗಳಿಂದ ನೀರಿಗೆ ಸೀಸ ಇಳಿಯುತ್ತದೆ, ಅದು ಎಳೆಯ ಮಿದುಳಿಗೆ ಕೇಡು ಎಂದು ಡಾಕ್ಟರು ಹೇಳಿದ್ದರು. "ನೀರು ಪರೀಕ್ಷೆ ಮಾಡಮ್ಮ, ಆಮೇಲೆ ಬರ್ತೀವಿ" ಎಂದಿದ್ದಳು ಮಗಳು. ದಿನವೂ ಒರೆಸಿಡುತ್ತಿದ್ದ ತೊಟ್ಟಿಲು ಖಾಲಿಯಾಗಿಯೇ ಕೂತಿತ್ತು.

"ಈ ಪೈಪು ನಾನೇ ಹಾಕಿದ್ದು ಕಣೇ," ಎಂದ ನಲ್ಲಿ ರಿಪೇರಿ ಕೆಲಸ ಮಾಡುವ ಆಕೆಯ ಗಂಡ. "ಇಷ್ಟು ವರ್ಷ ಕುಡಿದು ಗುಂಡುಕಲ್ಲಿನ ಹಾಗಿಲ್ವಾ ನಾನು?"

"ತಲೆಯ ಮಟ್ಟಿಗೆ ಹೌದು."

ನೀರಿನ ಸೀಸ ಅಳೆಯುವ ಪರೀಕ್ಷೆಯ ಪಟ್ಟಿಗಳನ್ನು ಕಾರ್ಖಾನೆಯೊಂದರಲ್ಲಿ ತಯಾರಿಸುವುದೇ ಅಜ್ಜಿಯ ಕೆಲಸ. ಹಿಂದೆ ಆಮಂತ್ರಣಪತ್ರ ಅಚ್ಚಾಗುತ್ತಿದ್ದ ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟಿನ ಮೇಲೆ ಇಂಗಾಲದ ಕರಿಮಸಿ ಸುರಿದು, ರಬ್ಬರಿನ ಅಲಗಿನಿಂದ ಎಳೆದರೆ, ಅಡಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲುಸಾಲು ಗೆರೆಗಳು ಮೂಡುತ್ತವೆ. ಒಣಗಿಸಿ ಕತ್ತರಿಸಿದರೆ ಬೆರಳುದ್ದದ ಪಟ್ಟಿ. ಬೆಲೆ ಒಂದು ಬಾಳೆಹಣ್ಣಿನಷ್ಟು. ಒಂದು ತುದಿಯನ್ನು ಪುಟ್ಟ ಮೀಟರಿಗೆ ಸಿಕ್ಕಿಸಿ, ಇನ್ನೊಂದನ್ನು ನೀರಿಗೆ ಅದ್ದಿದರೆ ಸೀಸದ ಅಂಕಿ ಕಾಣುತ್ತದೆ. ಅದು ಲೀಟರಿಗೆ ಹತ್ತು ಮೈಕ್ರೋಗ್ರಾಂ ದಾಟಬಾರದು.

ಕಾರ್ಖಾನೆಯ ಮೀಟರನ್ನು ಕೇಳಿ ಮನೆಗೆ ತಂದು, ಒಂದು ಪಟ್ಟಿಯನ್ನು ನಲ್ಲಿಯ ನೀರಿಗೆ ಅದ್ದಿದಳು. ಅಂಕಿ ಇಪ್ಪತ್ತಾರು. ಪಟ್ಟಿಯನ್ನು ತೊಳೆದು, ಬಟ್ಟೆಯಿಂದ ಉಜ್ಜಿ, ಮತ್ತೆ ಅದ್ದಿದಳು. ಹತ್ತೊಂಬತ್ತು. ಮತ್ತೆ ತೊಳೆದಳು. ಹದಿಮೂರು. ನಾಲ್ಕನೆಯ ಸಲ ಆರು. ಆಕೆಯ ತೋಳುಗಳಿಗೆ ಆಗಲೇ ಮಗುವಿನ ಭಾರ ಬಂದಂತಾಯಿತು. ಮಗಳಿಗೆ ಹೇಳಲು ಫೋನು ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಮೀಟರು ಒಯ್ಯಲು ಬಂದಳು, ಕಾರ್ಖಾನೆಯಲ್ಲಿ ಪಟ್ಟಿಗಳ ತಪಾಸಣೆ ಮಾಡುವ ಹುಡುಗಿ.

"ಅಕ್ಕಾ, ಈ ಪಟ್ಟಿ ಎಷ್ಟು ಸಲ ಅದ್ದಿದ್ರಿ?"

"ನಾಲ್ಕೇ ಸಲ. ನನ್ನ ಕೈಯಾರೆ ಮಾಡಿದ್ದು ಮಾರಾಯ್ತಿ, ಒಂದೇ ಸಲಕ್ಕೆ ಬಿಸಾಕೋಕೆ ಮನಸ್ಸು ಬರ್ಲಿಲ್ಲ."

"ಒಂದು ಸಲ ಅದ್ದಿದ ಮೇಲೆ ಅದರ ಮೈ ಮೊದಲಿನ ಹಾಗಿರಲ್ಲ. ಉಜ್ಜಿದ್ರೆ ಪೂರ್ತಿ ಕೆಡುತ್ತೆ. ಆಮೇಲೆ ಅದು ಹೇಳೋದೆಲ್ಲ ಬಾಯಿಗೆ ಬಂದಿದ್ದು. ಎಸೆಯೋಕೆ ಅಂತಲೇ ಅಲ್ವಾ ನಾವು ಇಷ್ಟು ಅಗ್ಗವಾಗಿ ಮಾಡೋದು?"

ಹುಡುಗಿ ಮೂರು ಹೊಸ ಪಟ್ಟಿ ತೆಗೆದಳು. ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೈದು.

"ಕುದಿಸಿ ಕೊಟ್ಟರೆ?" ಗಂಡನ ದನಿ ಇಳಿದಿತ್ತು.

"ಕುದಿಸಿದ್ರೆ ನೀರು ಆವಿಯಾಗಿ ಹೋಗುತ್ತೆ ಭಾವ, ಸೀಸ ಅಲ್ಲೇ ಉಳಿಯುತ್ತೆ."

ಆತ ನಲ್ಲಿಯ ಹಿಂದಿನ ಪೈಪಿನ ಬೆಸುಗೆಯ ಮೇಲೆ ಬೆರಳಾಡಿಸಿದ. "ಆಗೆಲ್ಲ ಬೆಸುಗೆಗೆ ಸೀಸಾನೇ ಹಾಕ್ತಿದ್ವಿ," ಎಂದು ಒಪ್ಪಿಕೊಂಡು, ಸ್ಪ್ಯಾನರು ಹುಡುಕಲು ಎದ್ದ.

ಅಜ್ಜಿ ಮಗಳಿಗೆ ಫೋನು ಮಾಡಿದಳು. ಆ ಕಡೆ ಮಗು ಏನೋ ತೊದಲುತ್ತಿತ್ತು. ಅದು ನಿಲ್ಲುವವರೆಗೂ ಕೇಳಿಸಿಕೊಂಡಳು.

"ಈಗಲೇ ಬರಬೇಡ ಕಂದಾ. ನಿಮ್ಮಪ್ಪ ಪೈಪು ಬದಲಾಯಿಸ್ತಿದ್ದಾರೆ. ಹೊಸ ಪಟ್ಟಿ ಅದ್ದಿ ನೋಡಿ, ನಾನೇ ಕರೀತೀನಿ."

ಬಂಧುಗಳೇ, ನಿಮ್ಮ ಮನೆಯ ಪೈಪು ಹಳೆಯದಾಗಿದ್ದರೆ ನೀರನ್ನು ಇಂದೇ ಪರೀಕ್ಷಿಸಿ. ಪ್ರತಿ ಪರೀಕ್ಷೆಗೂ ಹೊಸ ಪಟ್ಟಿ ಬಳಸಿ. ಬಳಸಿದ್ದನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಮನಸ್ಸು ಬಯಸಿದ ಅಂಕಿ ಬರುವವರೆಗೆ ಪಟ್ಟಿಯನ್ನು ತೊಳೆಯುತ್ತ ಕೂರಬೇಡಿ. ನೀವು ಕಾಯುತ್ತಿರುವ ಮಗು ಕುಡಿಯುವುದು ಅಂಕಿಯನ್ನಲ್ಲ, ನೀರನ್ನು.